ಒಂದೇ ಕೊಲ್ಲಿಯಲ್ಲಿ ಉಳಿದ ಜೀವಿ: ಅಂಥ ಜಾಗವನ್ನು ಗುರುತಿಸುವುದು ಹೇಗೆ, ಕಾಪಾಡುವುದು ಹೇಗೆ?

ಪ್ರಶ್ನೆ: ಭಾಗಮಂಡಲದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಭಾಗಮಂಡಲದಿಂದ ಸ್ವಲ್ಪ ದೂರದಲ್ಲಿ ನಮ್ಮ ಒಕ್ಕದ ತೋಟವಿದೆ. ಕೆಳಗೆ ಗದ್ದೆ, ಅದರ ಮೇಲೆ ಕಾಫಿ, ಇನ್ನೂ ಮೇಲೆ ಈಗ ಅರ್ಧ ಕಾಡಾಗಿರುವ ಹಳೆಯ ಏಲಕ್ಕಿ ಮಲೆ. ಬಾಣೆ ಮುಗಿದು ದೇವರಕಾಡು ಆರಂಭವಾಗುವಲ್ಲಿ ಒಂದು ಕೊಲ್ಲಿ ಇಳಿಯುತ್ತದೆ. (ಹೊರಗಿನವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಕೊಲ್ಲಿ ಎಂದರೆ ಕಣಿವೆಯಲ್ಲಿ ಹರಿಯುವ ಸಣ್ಣ ಹಳ್ಳ, ಒಕ್ಕ ಎಂದರೆ ಒಂದೇ ಮೂಲದ ಕೂಡುಕುಟುಂಬ, ಬಾಣೆ ಎಂದರೆ ಗದ್ದೆಗೆ ಹೊಂದಿಕೊಂಡ ಮರಗಾಡಿನ ಜಮೀನು, ಕಕ್ಕಡ ಎಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು.) ಕಕ್ಕಡದ ಜಡಿಮಳೆ ಸ್ವಲ್ಪ ಬಿಡುವು ಕೊಟ್ಟ ರಾತ್ರಿಗಳಲ್ಲಿ ಅಲ್ಲಿನ ಬಂಡೆಗಳ ಸಂದಿನಿಂದ, ಯಾರೋ ಬೆರಳಿನ ಗೆಣ್ಣಿನಿಂದ ಹಲಗೆಯನ್ನು ತಟ್ಟಿದಂಥ ಒಂದು ಕೂಗು ಕೇಳುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಹೆಬ್ಬೆರಳಿನ ತುದಿಯಷ್ಟೇ ಇರುವ ಕಂದು ಕಪ್ಪೆ. ಮೈಯೆಲ್ಲ ಸುಕ್ಕು, ಕಣ್ಣಿನ ಪಾಪೆ ವಜ್ರದ ಆಕಾರದ್ದು. ನಾನು ಹುಟ್ಟಿ ಬೆಳೆದ ಜಾಗವಾದರೂ ಅಕ್ಕಪಕ್ಕದ ಬೇರೆ ಕೊಲ್ಲಿಗಳಲ್ಲಿ ಇದನ್ನು ಕಂಡ ನೆನಪಿಲ್ಲ.

ಎರಡು ವರ್ಷಗಳ ಹಿಂದೆ ಕ್ಯಾಮೆರಾ ಹಿಡಿದು ಬಂದ ಕೆಲವರಿಗೆ ಸಂತೋಷದಿಂದಲೇ ಆ ಜಾಗವನ್ನು ತೋರಿಸಿದೆ. ಅವರು ಚಿತ್ರದ ಜೊತೆಗೆ ಜಾಗದ ಗುರುತನ್ನೂ ಜಾಲತಾಣದಲ್ಲಿ ಹಾಕಿದರು. ಮುಂದಿನ ಮಳೆಗಾಲದಲ್ಲಿ ಹತ್ತಿರದ ತಂಗುದಾಣವೊಂದರ ಅತಿಥಿಗಳು ತಲೆಗೆ ಟಾರ್ಚ್ ಕಟ್ಟಿಕೊಂಡು ಬಂದು ಕಲ್ಲುಗಳನ್ನು ಮಗುಚಿ ನೋಡಿ, ಮಗುಚಿದ್ದನ್ನು ಹಾಗೆಯೇ ಬಿಟ್ಟು ಹೋದರು. ಯಾರೆಂದು ಇಲ್ಲಿ ಹೇಳುವುದಿಲ್ಲ. ತೋರಿಸಿದವನು ನಾನೇ ಆದ್ದರಿಂದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಜಗತ್ತಿನಲ್ಲಿ ಒಂದೇ ಒಂದು ಜಾಗದಲ್ಲಿ ಉಳಿದಿರುವ ಜೀವಿಗಳ ನೆಲೆಗಳನ್ನು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಒಕ್ಕೂಟವೊಂದಿದೆ ಎಂದು ಇತ್ತೀಚೆಗೆ ಓದಿದೆ. ಆ ಪಟ್ಟಿಗೆ ಜಾಗಗಳನ್ನು ಯಾವ ಆಧಾರದ ಮೇಲೆ ಸೇರಿಸುತ್ತಾರೆ? ನಮ್ಮ ಕೊಲ್ಲಿಯಂಥದ್ದಕ್ಕೆ ಅದು ಅನ್ವಯಿಸುತ್ತದೆಯೇ? ಮೂರನೆಯದನ್ನು ಸಂಕೋಚದಿಂದಲೇ ಕೇಳುತ್ತೇನೆ: ನಾಳೆ ಯಾರಾದರೂ ಹೌದೆಂದರೆ ನಮ್ಮ ತೋಟದ ಗತಿಯೇನು?

ಉತ್ತರ 1: ಉಭಯಚರಗಳ ಕ್ಷೇತ್ರಕಾರ್ಯದಲ್ಲಿರುವವರು, ಮೈಸೂರು

ತಾವು ಓದಿದ್ದು ಅಲಯನ್ಸ್ ಫಾರ್ ಝೀರೋ ಎಕ್ಸ್‌ಟಿಂಕ್ಷನ್ ಎಂಬ ಒಕ್ಕೂಟದ ಬಗ್ಗೆ ಇರಬೇಕು. 2000ರಲ್ಲಿ ಆರಂಭವಾಗಿ 2005ರಲ್ಲಿ ಮೊದಲ ಪಟ್ಟಿಯನ್ನು ಹೊರತಂದಾಗ ಅದರಲ್ಲಿ 595 ನೆಲೆಗಳು, 794 ಜೀವಿಗಳು ಇದ್ದವು. 2018ರ ಪರಿಷ್ಕರಣೆಯ ಹೊತ್ತಿಗೆ ಅದು 853 ನೆಲೆಗಳಿಗೂ 1,483 ಜೀವಿಗಳಿಗೂ ಏರಿತು. ಏರಿಕೆಗೆ ಅಪಾಯ ಹೆಚ್ಚಿದ್ದಷ್ಟೇ ಕಾರಣವಲ್ಲ. ಮೊದಲ ಪಟ್ಟಿಯಲ್ಲಿ ಪರಿಶೀಲಿಸದಿದ್ದ ಜೀವಿವರ್ಗಗಳನ್ನೂ ನಂತರ ಲೆಕ್ಕಕ್ಕೆ ತೆಗೆದುಕೊಂಡರು. ಆ ನೆಲೆಗಳಲ್ಲಿ ಶೇಕಡಾ 43ಕ್ಕೆ ಯಾವ ಕಾನೂನುಬದ್ಧ ರಕ್ಷಣೆಯೂ ಇರಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಅಂಕಿ.

ಪಟ್ಟಿಗೆ ಸೇರಲು ಮೂರು ಷರತ್ತುಗಳಿವೆ. ಮೂರೂ ಒಟ್ಟಿಗೆ ಪೂರೈಸಬೇಕು. ಆ ಜೀವಿಯು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇಡುವ, ಅಳಿವಿನ ಅಪಾಯವನ್ನು ಅಳೆಯುವ ಕೆಂಪು ಪಟ್ಟಿಯಲ್ಲಿ 'ಅಪಾಯದಲ್ಲಿರುವ' ಅಥವಾ 'ತೀವ್ರ ಅಪಾಯದಲ್ಲಿರುವ' ಎಂಬ ವರ್ಗದಲ್ಲಿರಬೇಕು. ಅದರ ತಿಳಿದಿರುವ ಸಂಖ್ಯೆಯಲ್ಲಿ ಕನಿಷ್ಠ ಶೇಕಡಾ 95ರಷ್ಟು ಆ ಒಂದೇ ನೆಲೆಯಲ್ಲಿರಬೇಕು. ಆ ನೆಲೆಗೆ ಸುತ್ತಲಿನ ಪ್ರದೇಶದಿಂದ ಬೇರ್ಪಡಿಸಿ ಗೆರೆ ಎಳೆಯಬಹುದಾದ ಗಡಿಯೂ ಇರಬೇಕು. ನಾಗರಹೊಳೆಯ ಹುಲಿ ಅಪಾಯದಲ್ಲಿರುವ ಪ್ರಾಣಿಯೇ ಆದರೂ ಬೇರೆ ನೂರಾರು ಕಾಡುಗಳಲ್ಲಿಯೂ ಇರುವುದರಿಂದ ನಾಗರಹೊಳೆ ಹುಲಿಯ ಹೆಸರಿನಲ್ಲಿ ಈ ಪಟ್ಟಿಗೆ ಬರುವುದಿಲ್ಲ. ಪಟ್ಟಿ ಕೇಳುವ ಪ್ರಶ್ನೆ ಬಹಳ ಚಿಕ್ಕದು: ಈ ಒಂದು ಜಾಗ ಹೋದರೆ ಈ ಜೀವಿ ಭೂಮಿಯಿಂದಲೇ ಹೋಗುತ್ತದೆಯೇ?

ಹಾಗೆ ಹೋಗುವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ಟಾಂಜಾನಿಯಾದ ಕಿಹಾನ್ಸಿ ಕಮರಿ ತೋರಿಸಿಕೊಟ್ಟಿದೆ. ಅಲ್ಲಿನ ಜಲಪಾತದ ತುಂತುರಿನಲ್ಲಿ ಸದಾ ತೊಯ್ದಿರುತ್ತಿದ್ದ ಸುಮಾರು ಎರಡು ಹೆಕ್ಟೇರು ಹುಲ್ಲುನೆಲದಲ್ಲಿ ಮಾತ್ರ ಒಂದು ಪುಟ್ಟ ಹಳದಿ ನೆಲಗಪ್ಪೆ ಬದುಕಿತ್ತು. ಅದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1996ರಲ್ಲಿ. 2000ದಲ್ಲಿ ಜಲವಿದ್ಯುತ್ ಯೋಜನೆ ಆರಂಭವಾಗಿ ಹೊಳೆಯ ಶೇಕಡಾ 90ರಷ್ಟು ನೀರು ಬೇರೆಡೆಗೆ ತಿರುಗಿತು, ತುಂತುರು ನಿಂತಿತು. ಕೊಳವೆ ಹಾಕಿ ಕೃತಕವಾಗಿ ನೀರು ಚಿಮ್ಮಿಸಿದರು. ಅಷ್ಟರಲ್ಲಿ ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗವೂ ಕಾಣಿಸಿಕೊಂಡಿತು. 2009ರಲ್ಲಿ ಅದು ಕಾಡಿನಲ್ಲಿ ಇಲ್ಲವಾಯಿತೆಂದು ಘೋಷಿಸಿದರು. ಮೊದಲೇ ಕೆಲವನ್ನು ಅಮೆರಿಕದ ಮೃಗಾಲಯಗಳಿಗೆ ಸಾಗಿಸಿ ಮರಿ ಮಾಡಿಸಿದ್ದರಿಂದ 2012ರಲ್ಲಿ ಕಮರಿಗೆ ಮರಳಿ ಬಿಡುವ ಪ್ರಯತ್ನವಾದರೂ ಸಾಧ್ಯವಾಯಿತು. ಕಂಡ ಹದಿಮೂರೇ ವರ್ಷಗಳಲ್ಲಿ ಒಂದು ಜೀವಿ ತನ್ನ ನೆಲೆಯಿಂದ ಖಾಲಿಯಾಯಿತು.

ಇನ್ನು ತಮ್ಮ ಕಪ್ಪೆ. ಸುಕ್ಕು ಚರ್ಮ, ವಜ್ರಾಕಾರದ ಪಾಪೆ, ಹರಿಯುವ ನೀರಿನ ಬಂಡೆಸಂದು: ಇವೆಲ್ಲ ನಿಕ್ಟಿಬ್ಯಾಟ್ರಾಕಸ್ ಎಂಬ ಕುಲದ ಇರುಳುಗಪ್ಪೆಗಳ ಲಕ್ಷಣಗಳು. ಇಡೀ ಕುಲವೇ ಪಶ್ಚಿಮ ಘಟ್ಟದ್ದು. ಅದರಲ್ಲಿ ಕೊಡಗಿನ ಹೆಸರು ಹೊತ್ತ ಒಂದು ಪ್ರಭೇದವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್ ಅವರು 1920ರಲ್ಲಿ ಅದನ್ನು ಕೊಡಗಿನಿಂದ ವಿವರಿಸಿ ಸ್ಯಾಂಕ್ಟಿಪಲುಸ್ಟ್ರಿಸ್, ಎಂದರೆ 'ಪವಿತ್ರ ಜೌಗಿನದು', ಎಂದು ಹೆಸರಿಟ್ಟರು. ಅವರು ಸಂಗ್ರಹಿಸಿಟ್ಟಿದ್ದ ಮಾದರಿಗಳು ಮುಂದೆ ಕಳೆದುಹೋದವು. 2011ರಲ್ಲಿ ಕಪ್ಪೆಗಳ ಸಂಶೋಧಕ ಎಸ್.ಡಿ. ಬಿಜು ಅವರ ತಂಡ 91 ವರ್ಷಗಳ ನಂತರ ಅದನ್ನು ಮತ್ತೆ ಗುರುತಿಸಿತು. ತಮ್ಮದು ಅದೇ ಎಂದು ನಾನು ಹೇಳುತ್ತಿಲ್ಲ. ಈ ಕುಲದಲ್ಲಿ ನೋಟಕ್ಕೆ ಒಂದೇ ರೀತಿ ಇರುವ ಹಲವು ಪ್ರಭೇದಗಳಿದ್ದು, ಕೂಗಿನ ಧ್ವನಿಮುದ್ರಣ ಮತ್ತು ವಂಶವಾಹಿ ಪರೀಕ್ಷೆ ಇಲ್ಲದೆ ಹೇಳುವುದು ದುಡುಕಾಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. 'ಬೇರೆಲ್ಲೂ ಇಲ್ಲ' ಎಂಬುದು ಬಹಳ ಸಲ 'ಬೇರೆಲ್ಲೂ ಹುಡುಕಿಲ್ಲ' ಎಂಬುದರ ಇನ್ನೊಂದು ರೂಪವಾಗಿರುತ್ತದೆ. 2003ರಲ್ಲಿ ಕೊಡಗಿನಿಂದ ವಿವರಿಸಲಾದ ಹಳದಿ ಪೊದೆಗಪ್ಪೆ ಆಮೇಲೆ ಜಿಲ್ಲೆಯ ಹೊರಗೂ ಸಿಕ್ಕಿತು. ಪುಷ್ಪಗಿರಿಯಲ್ಲಿ ಹುಟ್ಟುವ ಕುಮಾರಧಾರೆಯ ದಂಡೆಯಲ್ಲಿ, ಸುಬ್ರಹ್ಮಣ್ಯದ ಬಳಿ, ಹಿಪ್ಪೆಯ ಜಾತಿಗೆ ಸೇರಿದ ಮಧುಕಾ ಇನ್‌ಸಿಗ್ನಿಸ್ ಎಂಬ ಮರ ಕಾಣಿಸಿದಾಗ, ನೂರಕ್ಕೂ ಹೆಚ್ಚು ವರ್ಷಗಳಿಂದ ಯಾರೂ ಕಾಣದ ಅದನ್ನು ಅಳಿದುಹೋಯಿತೆಂದೇ ಬರೆದಿಟ್ಟಿದ್ದರು. ಆದ್ದರಿಂದ ನೆಲೆಯನ್ನು ಗುರುತಿಸುವ ಕೆಲಸದ ಮುಕ್ಕಾಲು ಪಾಲು ಆ ನೆಲೆಯ ಹೊರಗೆ ನಡೆಯುತ್ತದೆ. ತಮ್ಮ ಕೊಲ್ಲಿಯಲ್ಲಿ ಒಂದು ರಾತ್ರಿ ಕುಳಿತರೆ, ಅದೇ ಎತ್ತರದಲ್ಲಿ ಅದೇ ರೀತಿಯ ಬಂಡೆಯಿರುವ ಇನ್ನೂ ಹತ್ತು ಕೊಲ್ಲಿಗಳಲ್ಲಿ ಹತ್ತು ರಾತ್ರಿ ಕುಳಿತು, ಕೂಗು ಕೇಳದ ರಾತ್ರಿಗಳನ್ನೂ ದಿನಾಂಕ, ಸಮಯ, ಮಳೆಯ ಪ್ರಮಾಣದ ಸಮೇತ ಬರೆದಿಡಬೇಕು. ಕೇಳಲಿಲ್ಲ ಎಂಬ ದಾಖಲೆಯನ್ನು ಸಾಮಾನ್ಯವಾಗಿ ಯಾರೂ ಇಡುವುದಿಲ್ಲ. ತೀರ್ಮಾನಕ್ಕೆ ಬೇಕಾದದ್ದು ಅದೇ.

ಕಪ್ಪೆಯನ್ನು ಹಿಡಿದು ಬಾಟಲಿಗೆ ಹಾಕಬೇಡಿ. ಮೇಲಿನಿಂದ, ಪಕ್ಕದಿಂದ, ಸಾಧ್ಯವಾದರೆ ಹಿಂಗಾಲಿನ ಬೆರಳುಗಳ ನಡುವಿನ ಪೊರೆ ಕಾಣುವಂತೆ ಚಿತ್ರ ತೆಗೆಯಿರಿ. ಫೋನಿನಲ್ಲಿಯೇ ಕೂಗನ್ನು ಎರಡು ನಿಮಿಷ ಮುದ್ರಿಸಿ. ಮೊಟ್ಟೆಗಳು ಎಲ್ಲಿವೆಯೆಂದು ದೂರದಿಂದ ನೋಡಿ. ಈ ಕುಲದಲ್ಲಿ ಮೊಟ್ಟೆ ಕಾಯುವ ಗಂಡುಗಳಿವೆ. ಉತ್ತರ ಕನ್ನಡದಿಂದ 2014ರಲ್ಲಿ ವಿವರಿಸಲಾದ ಒಂದು ಪ್ರಭೇದದ ಗಂಡು ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುವುದರಿಂದ ಅದಕ್ಕೆ 'ಕುಂಬಾರ' ಎಂಬ ಕನ್ನಡ ಹೆಸರನ್ನೇ ಇಟ್ಟಿದ್ದಾರೆ. ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ಹೋಗುವಾಗ ಬೂಟಿನ ಕೆಸರನ್ನು ತೊಳೆದು ಒಣಗಿಸಿ, ಏಕೆಂದರೆ ನಾನು ಹೇಳಿದ ಶಿಲೀಂಧ್ರ ಕೆಸರಿನ ಜೊತೆಗೂ ಸಾಗುತ್ತದೆ.

ಉತ್ತರ 2: ಗೋಣಿಕೊಪ್ಪಲಿನ ನಿವೃತ್ತ ಅಧ್ಯಾಪಕ

ಬೆಳೆಗಾರರ ಮೂರನೆಯ ಪ್ರಶ್ನೆಯನ್ನು ಸಂಕೋಚದ್ದೆಂದು ಬದಿಗಿಡುವುದು ಸರಿಯಲ್ಲ. ಪಶ್ಚಿಮ ಘಟ್ಟದ ಸಂರಕ್ಷಣೆಯ ಕುರಿತ ಕಸ್ತೂರಿರಂಗನ್ ವರದಿಯಲ್ಲಿ ಕೊಡಗಿನ 55 ಗ್ರಾಮಗಳನ್ನು ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಸೇರಿಸಿದ ದಿನದಿಂದ ಇಲ್ಲಿ ಯಾರಾದರೂ ನಕ್ಷೆ ಬಿಚ್ಚಿದರೆ ಜನರ ಎದೆ ಢವಗುಟ್ಟುತ್ತದೆ. ಯಾವುದಕ್ಕೆ ನಿಷೇಧ, ಯಾವುದಕ್ಕೆ ಇಲ್ಲ ಎಂಬುದನ್ನು ಗ್ರಾಮಸಭೆಯಲ್ಲಿ ಕುಳಿತು ಬಿಡಿಸಿ ಹೇಳಿದವರು ಕಡಿಮೆ, ಹೆದರಿಸಿದವರು ಹೆಚ್ಚು. 2012ರಲ್ಲಿ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳೂ ಪಾದಿನಾಲ್ಕುನಾಡು, ಕೆರ್ಟಿ ಮೀಸಲು ಅರಣ್ಯಗಳೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗಲೂ ಇದೇ ಗೊಂದಲವಿತ್ತು.

ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ನಮ್ಮ ಜಿಲ್ಲೆಯಲ್ಲಿ ಲೆಕ್ಕಕ್ಕೆ ಸಿಕ್ಕ ದೇವರಕಾಡುಗಳು 1,214, ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರು. ಭಾಗಿಸಿ ನೋಡಿದರೆ ಒಂದಕ್ಕೆ ಸರಾಸರಿ ಐದು ಎಕರೆ. ಹುಲಿಗೂ ಆನೆಗೂ ಇದು ಏನೇನೂ ಅಲ್ಲ. ಆದರೆ ಹೆಬ್ಬೆರಳಿನ ತುದಿಯಷ್ಟಿರುವ ಕಪ್ಪೆಗೆ, ಒಂದು ಜೌಗಿನ ಗಿಡಕ್ಕೆ, ಒಂದು ಬಸವನಹುಳುವಿಗೆ ಐದು ಎಕರೆ ಒಂದು ದೇಶವೇ ಸರಿ. ನಮ್ಮ ಊರಿನ ದೇವರಕಾಡಿನಲ್ಲಿ ನಾನು ಚಿಕ್ಕವನಿದ್ದಾಗ ಹಬ್ಬದ ಹೊರತು ಕತ್ತಿ ಹಿಡಿದು ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಈಗ ಗುಡಿಗೆ ಕಾಂಕ್ರೀಟು ಬಂದಿದೆ, ಗುಡಿಯವರೆಗೆ ರಸ್ತೆ ಬಂದಿದೆ, ರಸ್ತೆಗೆಂದು ಜೌಗನ್ನು ಮಣ್ಣು ಹಾಕಿ ಮುಚ್ಚಿದ್ದೂ ಆಗಿದೆ. ಭಕ್ತಿ ಕಡಿಮೆಯಾಗಿ ಇದು ನಡೆದದ್ದಲ್ಲ, ಹೆಚ್ಚಾಗಿ ನಡೆದದ್ದು. ತಾವು ಯಾವ ಸಂಸ್ಥೆಗೆ ಬರೆಯುವುದಕ್ಕೂ ಮೊದಲು ಊರಿನ ತಕ್ಕರನ್ನು, ಎಂದರೆ ಊರಿನ ಮತ್ತು ದೇವಸ್ಥಾನದ ಮುಖ್ಯಸ್ಥರನ್ನು, ಕರೆದುಕೊಂಡು ಹೋಗಿ ಒಂದು ರಾತ್ರಿ ಆ ಕೂಗನ್ನು ಕೇಳಿಸಿ.

ಉತ್ತರ 3: ಮಡಿಕೇರಿಯ ವಕೀಲರು

ಕಾನೂನಿನ ಮಟ್ಟಿಗೆ ಎರಡು ವಿಷಯಗಳನ್ನು ಬೇರ್ಪಡಿಸಿಕೊಳ್ಳೋಣ. ಮೊದಲ ಉತ್ತರದಲ್ಲಿ ಹೇಳಿದ ಪಟ್ಟಿಗೆ ಭಾರತದಲ್ಲಿ ತಾನಾಗಿ ಯಾವ ಕಾನೂನಿನ ಬಲವೂ ಇಲ್ಲ. ಒಂದು ಸರ್ವೆ ನಂಬರ್ ಅದರಲ್ಲಿ ಬಂದ ಮಾತ್ರಕ್ಕೆ ಪಹಣಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ರಕ್ಷಣೆ ಬರುವುದು ನಮ್ಮ ದೇಶದ ಕಾಯ್ದೆಗಳಿಂದ, ಮತ್ತು ಅವುಗಳಲ್ಲಿ ಅಭಯಾರಣ್ಯವೊಂದೇ ದಾರಿಯಲ್ಲ.

ಜೀವವೈವಿಧ್ಯ ಕಾಯ್ದೆ 2002ರ 37ನೆಯ ಕಲಮಿನ ಪ್ರಕಾರ ರಾಜ್ಯ ಸರ್ಕಾರವು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಒಂದು ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಅಧಿಸೂಚಿಸಬಹುದು. ಅದರಿಂದ ಆರ್ಥಿಕವಾಗಿ ತೊಂದರೆಗೊಳಗಾಗುವವರಿಗೆ ಪರಿಹಾರದ ಯೋಜನೆ ರೂಪಿಸಬೇಕೆಂಬ ಮಾತು ಅದೇ ಕಲಮಿನಲ್ಲಿದೆ. ಹೆದರಿಸುವವರು ಇದನ್ನು ಓದಿ ಹೇಳುವುದಿಲ್ಲ. ದೇಶದ ಮೊದಲ ಇಂಥ ತಾಣ ನಮ್ಮ ರಾಜ್ಯದ್ದೇ: ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆ ತೋಪು, 2007ರಲ್ಲಿ.

ತಮ್ಮ ವಿಷಯಕ್ಕೆ ಹತ್ತಿರವಾದದ್ದು ಮಹಾರಾಷ್ಟ್ರದ ಅಂಬೋಲಿಯ ಉದಾಹರಣೆ. ಅಲ್ಲಿ ಹಿರಣ್ಯಕೇಶಿ ನದಿ ಹುಟ್ಟುವ ದೇವಾಲಯದ ಕೊಳದಲ್ಲಿ ಹೊಸ ಪ್ರಭೇದದ ಒಂದು ಪುಟ್ಟ ಮೀನು ಸಿಕ್ಕಿ 2020ರಲ್ಲಿ ಪ್ರಕಟವಾಯಿತು. 2021ರಲ್ಲಿ ಎರಡು ಹೆಕ್ಟೇರಿನ ಆಸುಪಾಸಿನ ಆ ಜಾಗವನ್ನು ಸರ್ಕಾರ ಪಾರಂಪರಿಕ ತಾಣವೆಂದು ಘೋಷಿಸಿತು. ಪೂಜೆಯೂ ನಡೆಯುತ್ತಿದೆ, ಮೀನೂ ಇದೆ. ಅದೇ ಹಿರಣ್ಯಕೇಶಿ ಮುಂದೆ ನಮ್ಮ ಬೆಳಗಾವಿ ಜಿಲ್ಲೆಗೆ ಇಳಿದು ಘಟಪ್ರಭೆಯನ್ನು ಸೇರುತ್ತದೆ. ನದಿಮೂಲ, ತೀರ್ಥ, ಅದರಲ್ಲೊಂದು ಪುಟ್ಟ ಜೀವಿ: ಕೊಡಗಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಖಾಸಗಿ ಜಮೀನಿನ ಮಾಲೀಕರು ತಾವಾಗಿ ಮುಂದೆ ಬಂದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಸಿ ಕಲಮಿನಡಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸುವುದಕ್ಕೂ ಅವಕಾಶವಿದೆ. ಆದರೆ ಅಧಿಸೂಚನೆಯಾದ ಮೇಲೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆಯನ್ನು ಬದಲಿಸುವಂತಿಲ್ಲ. ಒಕ್ಕದ ಜಮೀನಾದ್ದರಿಂದ ಪಾಲುದಾರರೆಲ್ಲರ ಒಪ್ಪಿಗೆ ಪಡೆಯದೆ ಈ ದಾರಿಗೆ ಕೈಹಾಕಬೇಡಿ. ಅದಕ್ಕಿಂತ ಮೊದಲಿನ, ಯಾವ ಅಪಾಯವೂ ಇಲ್ಲದ ಹೆಜ್ಜೆ ಎಂದರೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಒಂದು ಅರ್ಜಿ ಕೊಟ್ಟು, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಆ ಕೊಲ್ಲಿಯನ್ನೂ ಅದರ ಕಪ್ಪೆಯನ್ನೂ ನಮೂದಿಸುವಂತೆ ಕೇಳುವುದು. ನಾಳೆ ಯಾರಾದರೂ ಮೇಲೆ ನೀರು ತಡೆದರೆ ಅಥವಾ ಗುಡ್ಡ ಅಗೆದರೆ ಹಸಿರು ನ್ಯಾಯಾಧಿಕರಣದ ಮುಂದೆ ತೋರಿಸಲು ಅದೊಂದು ಕಾಗದ ಇರುತ್ತದೆ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಉತ್ತರ 4: ಕುಶಾಲನಗರದಿಂದ

ಕಪ್ಪೆಯ ಕೊಲ್ಲಿಗಾದರೂ ಗೆರೆ ಎಳೆಯಬಹುದು, ಹೊಳೆಯ ಮೀನಿಗೆ ಏನು ಮಾಡುವುದು ಎಂಬುದು ನನ್ನ ಚಿಂತೆ. ಕಾವೇರಿ ಕೊಳ್ಳಕ್ಕೆ ಮಾತ್ರ ಸೇರಿದ ಡುಬ್ಬದ ಮಹಶೀರ್ ಒಂದು ಕಾಲಕ್ಕೆ ಎಷ್ಟು ದೊಡ್ಡದಾಗುತ್ತಿತ್ತೆಂದರೆ 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 54 ಕಿಲೋ ತೂಗಿತ್ತು. ಅದನ್ನು 2018ರಲ್ಲಿ ಕೆಂಪು ಪಟ್ಟಿಯ 'ತೀವ್ರ ಅಪಾಯ'ದ ವರ್ಗಕ್ಕೆ ಸೇರಿಸಿದರು. ಈಗ ಅದರ ಮುಖ್ಯ ಆಸರೆ ಮೋಯಾರ್ ನದಿ. ವಿಷಾದವೆಂದರೆ ಮಹಶೀರನ್ನು ಉಳಿಸುತ್ತೇವೆಂದು ಮಹಾರಾಷ್ಟ್ರದ ಲೋಣಾವಳಾದ ಮರಿಗಳನ್ನು ತಂದು ದಶಕಗಳ ಕಾಲ ಕಾವೇರಿಗೆ ಬಿಟ್ಟರು. ಅವು ಬೇರೆ ಪ್ರಭೇದದವು, ನೀಲಿ ರೆಕ್ಕೆಯವು. ಬಂದ ನೆಂಟರು ಮನೆಯವರನ್ನೇ ಹೊರಗೆ ಹಾಕಿದಂತಾಯಿತು. ಬೆಳೆಗಾರರೇ, ನಿಮ್ಮ ಕೊಲ್ಲಿಗೆ 'ಒಳ್ಳೆಯದಾಗಲಿ' ಎಂದು ಯಾರಾದರೂ ಸೊಳ್ಳೆ ತಿನ್ನುವ ಮೀನಿನ ಮರಿಗಳನ್ನು ತಂದು ಬಿಡಲು ಬಂದರೆ ಕೈಮುಗಿದು ವಾಪಸ್ ಕಳಿಸಿ. ಅವು ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಅಧ್ಯಾಪಕರ ಮಾತಿನಂತೆ ಮೊನ್ನೆ ನಮ್ಮ ತಕ್ಕರನ್ನು ಕರೆದುಕೊಂಡು ಹೋಗಿದ್ದೆ. ಅವರು ಬಂಡೆಯ ಮೇಲೆ ಛತ್ರಿ ಹಿಡಿದು ಸುಮಾರು ಅರ್ಧ ಗಂಟೆ ಮಾತಿಲ್ಲದೆ ಕುಳಿತು, ಕೊನೆಗೆ "ಇದು ನನ್ನ ಅಜ್ಜಿ ಹೇಳುತ್ತಿದ್ದ ಬಾಗಿಲು ತಟ್ಟುವ ಸದ್ದು, ಹುಡುಗರು ರಾತ್ರಿ ಕಾಡಿಗೆ ಹೋಗದಿರಲೆಂದು ಹೆದರಿಸುತ್ತಿದ್ದಳು ಅಂದುಕೊಂಡಿದ್ದೆ" ಎಂದರು. ದೇವರಕಾಡಿನೊಳಗೆ ರಾತ್ರಿ ಹೊರಗಿನವರನ್ನು ಬಿಡಬಾರದೆಂದು ಸಮಿತಿಯಲ್ಲಿ ಮಾತನಾಡುವುದಾಗಿ ಒಪ್ಪಿದ್ದಾರೆ. ಪಂಚಾಯಿತಿಯ ಅರ್ಜಿಯನ್ನು ಬರೆದಿಟ್ಟಿದ್ದೇನೆ.

ಒಂದು ವಿಷಯ ಮಾತ್ರ ಉಳಿದಿದೆ. ಬೇಸಿಗೆಯಲ್ಲಿ ಕಾಫಿ ಹೂವಿಗೆ ನೀರು ಚಿಮ್ಮಿಸಲು ಆ ಕೊಲ್ಲಿಯ ಗುಂಡಿಗೇ ಪಂಪ್ ಇಡುತ್ತೇವೆ. ಅದರ ಪಕ್ಕದ ಪಟ್ಟಿಗೆ ಕಳೆನಾಶಕವನ್ನೂ ಹೊಡೆಸುತ್ತಿದ್ದೇವೆ. ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು?

ಉತ್ತರ 1ರ ಲೇಖಕರಿಂದ

ಎರಡನ್ನೂ ಒಟ್ಟಿಗೆ ಬಿಡಲಾಗದಿದ್ದರೆ ಮೊದಲು ಕಳೆನಾಶಕವನ್ನು ಬಿಡಿ. ಕೊಲ್ಲಿಯ ಎರಡೂ ಬದಿಗೆ ಇಪ್ಪತ್ತು ಅಡಿಯಾದರೂ ಕತ್ತಿಯಿಂದಲೇ ಕಳೆ ತೆಗೆಸಿ. ಕಪ್ಪೆ ಚರ್ಮದಿಂದಲೂ ಉಸಿರಾಡುವ, ನೀರು ಹೀರುವ ಪ್ರಾಣಿಯಾದ್ದರಿಂದ ನೀರಿಗೆ ಇಳಿದದ್ದೆಲ್ಲ ಅದರ ಮೈಗೂ ಇಳಿಯುತ್ತದೆ. ಮೈಲುತುತ್ತದ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನೂ ಆ ನೀರಿನಲ್ಲಿ ತೊಳೆಯಲು ಬಿಡಬೇಡಿ. ಪಂಪಿನ ವಿಷಯದಲ್ಲಿ, ಗುಂಡಿಯ ತಳ ಕಾಣುವವರೆಗೆ ಎಳೆಯದೆ ಮೊಣಕಾಲುದ್ದ ನೀರು ಉಳಿಸಿ, ಹೀರುವ ಕೊಳವೆಯ ತುದಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ದಡದ ಮರಗಳ ಕೊಂಬೆ ಕಡಿಸುವಾಗ ಕೊಲ್ಲಿಯ ಮೇಲಿನ ನೆರಳನ್ನು ಮುಟ್ಟದಿರಲು ಕೆಲಸದವರಿಗೆ ಹೇಳಿ.

ಜಾಗ ಒಂದೇ ಆಗಿದ್ದರೆ ಇನ್ನೊಂದು ಭಯವೂ ಇದೆ. 2018ರ ಆಗಸ್ಟಿನಲ್ಲಿ ಮಡಿಕೇರಿ ತಾಲ್ಲೂಕಿನಲ್ಲಿ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿಯಲ್ಲಿ ಗುಡ್ಡ ಜಾರಿದ್ದನ್ನು ತಾವು ಕಣ್ಣಾರೆ ಕಂಡವರು. ಒಂದು ರಾತ್ರಿಯ ಕುಸಿತಕ್ಕೆ ಒಂದು ಕೊಲ್ಲಿ ಪೂರ್ತಿ ಮುಚ್ಚಿಹೋಗಬಹುದು. ಅದಕ್ಕಾಗಿಯೇ ಪಕ್ಕದ ಕೊಲ್ಲಿಗಳಲ್ಲಿ ಹುಡುಕುವುದು ಪಟ್ಟಿಗಾಗಿ ಮಾತ್ರವಲ್ಲ ಎಂದುಕೊಳ್ಳಿ; ಇನ್ನೊಂದು ಕಡೆ ಸಿಕ್ಕರೆ ತಮ್ಮ ಜಾಗ ಪಟ್ಟಿಯಿಂದ ಬಿದ್ದುಹೋಗಬಹುದು, ಆದರೆ ನನಗಂತೂ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರು ದೇವರಕಾಡುಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ, ವಿದ್ಯಾರ್ಥಿಗಳ ನೆರವಿಗಾಗಿ ಅಲ್ಲಿ ವಿಚಾರಿಸಿ. ಚಿತ್ರಗಳನ್ನು ಐನ್ಯಾಚುರಲಿಸ್ಟ್‌ನಂಥ ಜಾಲತಾಣಕ್ಕೆ ಹಾಕುವುದಿದ್ದರೆ ಸ್ಥಳವನ್ನು ಮಸುಕಾಗಿಸುವ ಆಯ್ಕೆಯನ್ನು ತಾವೇ ಒತ್ತಿ. ಕೆಂಪು ಪಟ್ಟಿಯಲ್ಲಿ ಅಪಾಯದಲ್ಲಿರುವ ಜೀವಿಗಳಿಗೆ ಅದು ತಾನಾಗಿ ಆಗುತ್ತದೆ, ಹೆಸರೇ ಗೊತ್ತಿಲ್ಲದ ಕಪ್ಪೆಗೆ ಆಗುವುದಿಲ್ಲ. ಮಗುಚಿದ ಕಲ್ಲುಗಳು ಇನ್ನೂ ಹಾಗೆಯೇ ಬಿದ್ದಿದ್ದರೆ ಈಗ ಮುಟ್ಟಬೇಡಿ. ಮಳೆಗಾಲ ಕಳೆದು, ಮೊಟ್ಟೆಗಳಿಲ್ಲವೆಂದು ನೋಡಿಕೊಂಡು, ತುಲಾ ಸಂಕ್ರಮಣದ ನಂತರ ಒಂದೊಂದಾಗಿ ಹಳೆಯ ಗುರುತಿನ ಮೇಲೆ ಕೂರಿಸಿ. ಪಾಚಿ ಹಿಡಿದ ಬದಿ ಮೇಲಕ್ಕೆ ಬರಬೇಕು.